ಬಣ್ಣ ಬಿಟ್ಟ ಗುಂಡು

ನೀಲಾಂಬಿಕಾ ಪಟ್ಟಣಶೆಟ್ಟಿ ವಾರವೆಲ್ಲ ಸೀರೆ ಅಂಗಡಿ ನಡೆಸುತ್ತಿದ್ದಳು, ಭಾನುವಾರ ಪಿಸ್ತೂಲು ಹಿಡಿಯುತ್ತಿದ್ದಳು. ಬೆಳಗಾವಿ ಕಡೆಯ ಒಂದು ಊರಿನ ರೈಫಲ್ ಕ್ಲಬ್ಬಿನಲ್ಲಿ ಅವಳ ಗುರಿಗೆ ಒಳ್ಳೆಯ ಹೆಸರಿತ್ತು. ಅದಕ್ಕಿಂತ ದೊಡ್ಡ ಹೆಸರು ಅವಳ ಅಚ್ಚುಕಟ್ಟಿಗೆ. ಹಾರಿಸಿ ಖಾಲಿಯಾದ ಹಿತ್ತಾಳೆಯ ಕೊಳವೆಗಳಿಗೆ ಮತ್ತೆ ಮದ್ದು ತುಂಬಿ, ಬಾಯಿಗೆ ಹೊಸ ಗುಂಡು ಕೂರಿಸಿ, ತೋಟಾ ತಯಾರಿಸಿಕೊಳ್ಳುವ ಪರವಾನಗಿ ಆ ಕ್ಲಬ್ಬಿಗಿತ್ತು. ಆ ಕೆಲಸದ ಕೋಣೆಯ ಬೀಗದ ಕೈ ನೀಲಾಂಬಿಕಾಳ ಬಳಿ ಇರುತ್ತಿತ್ತು.

ಮೊದಲೆಲ್ಲ ತಾಮ್ರದ ಕವಚದ ಗುಂಡು ತರಿಸುತ್ತಿದ್ದರು. ಅದು ತುಟ್ಟಿಯಾಗುತ್ತ ಹೋಗಿ ಕೈಗೆಟುಕದಂತಾಯಿತು. ಬರೀ ಸೀಸದ ಗುಂಡು ಅಗ್ಗ, ಆದರೆ ಸೀಸ ಮೆತ್ತಗೆ. ಹಾರುವಾಗ ಪಿಸ್ತೂಲಿನ ನಳಿಗೆಯ ಒಳಗೆ ಬಳಿದುಕೊಳ್ಳುತ್ತದೆ, ಗುರಿ ಕೆಡುತ್ತದೆ. ಅದಕ್ಕೆ, ಸೀಸದ ಮೇಲೆ ಬಣ್ಣದ ಗಟ್ಟಿ ಲೇಪ ಕೊಟ್ಟು ಬೇಯಿಸಿದ ಗುಂಡು ಕೊಳ್ಳೋಣ ಎಂದು ಕ್ಲಬ್ಬಿನವರು ನಿರ್ಧರಿಸಿದರು. ಯಾರ ಗುಂಡು ಎಂದು ಆರಿಸುವ ಕೆಲಸ ನೀಲಾಂಬಿಕಾಳ ಪಾಲಿಗೆ ಬಂತು. ಬಣ್ಣದ ವಿಷಯ, ಅವಳಿಗಿಂತ ಬಲ್ಲವರು ಯಾರು ಎಂದರು ಎಲ್ಲರೂ. ಅವಳೂ ಹಾಗೇ ಅಂದುಕೊಂಡಳು.

ಅದೇ ಊರಿನಲ್ಲಿ ದಾವಲಸಾಬ ಎಂಬ ಎರಕದವನಿದ್ದ. ಸರ್ಕಾರದ ಪರವಾನಗಿ ಪಡೆದು ಸುತ್ತಲಿನ ಕ್ಲಬ್ಬುಗಳಿಗೆ ಕೆಂಪು ಲೇಪದ ಗುಂಡು ಮಾಡಿಕೊಡುತ್ತಿದ್ದ. ಅವನ ಮನೆ ನಡೆಯುತ್ತಿದ್ದುದೇ ಅದರಿಂದ. ನೀಲಾಂಬಿಕಾ ಅವನ ಒಂದು ಗುಂಡನ್ನು ಸುತ್ತಿಗೆಯಿಂದ ಜಜ್ಜಿ ನೋಡಿದಳು. ಸೀಸ ಚಪ್ಪಟೆಯಾಯಿತು, ಬಣ್ಣ ಮಾತ್ರ ಎಲ್ಲೂ ಏಳಲಿಲ್ಲ. ಸರಿ, ಇವನದೇ ಇರಲಿ ಎಂದಳು.

ಆದರೆ ತೋಟಾ ತುಂಬಿ ಹಾರಿಸಿದರೆ ಗುರಿಹಲಗೆಯ ಮೇಲೆ ಗುಂಡುಗಳು ಚೆಲ್ಲಾಪಿಲ್ಲಿ. ಪಿಸ್ತೂಲು ಬಿಚ್ಚಿ ನೋಡಿದರೆ ನಳಿಗೆಯ ತುಂಬ ಸೀಸ. ಹಲಗೆಯ ಹಿಂದಿನ ಮಣ್ಣಿನ ದಿಬ್ಬದಿಂದ ಒಂದು ಗುಂಡು ಹೆಕ್ಕಿದಳು. ಅದರ ಪಕ್ಕೆಯಲ್ಲಿ ಬಣ್ಣ ಸುಲಿದಿತ್ತು. ನೀಲಾಂಬಿಕಾಳ ಸಿಟ್ಟು ನೆತ್ತಿಗೇರಿತು. ಬಣ್ಣ ಬಿಡುವ ಮಾಲನ್ನು ಅವಳು ಎಂದೂ ಅಂಗಡಿಯೊಳಗೆ ಬಿಟ್ಟುಕೊಂಡವಳಲ್ಲ.

ಫೋಟೊ ತೆಗೆದಳು. "ದಾವಲಸಾಬನ ಮಾಲು ಬಣ್ಣ ಬಿಡತೈತಿ, ಯಾರೂ ತಗೋಬ್ಯಾಡ್ರಿ" ಎಂದು ಬರೆದು ಕ್ಲಬ್ಬುಗಳ ವಾಟ್ಸಾಪ್ ಗುಂಪಿಗೆ ಹಾಕಿದಳು. ಸುತ್ತಲಿನ ಜಿಲ್ಲೆಗಳ ಜನರೆಲ್ಲ ಇದ್ದ ಗುಂಪು ಅದು. ಯಾರೊಬ್ಬರೂ ತಾವಾಗಿ ಪರೀಕ್ಷಿಸುವ ಗೋಜಿಗೆ ಹೋಗಲಿಲ್ಲ. ನೀಲಾಂಬಿಕಾ ಹೇಳಿದ ಮೇಲೆ ಮುಗಿಯಿತು. ದಾವಲಸಾಬನಿಗೆ ಬರುತ್ತಿದ್ದ ಆರ್ಡರುಗಳು ಒಂದೊಂದಾಗಿ ನಿಂತವು. ಎರಕದ ಒಲೆ ಆರಿತು.

ಅವನು ಒಮ್ಮೆ ಕ್ಲಬ್ಬಿನ ಬಾಗಿಲಿಗೆ ಬಂದ. "ಅಕ್ಕಾರ, ಇನ್ನೊಂದ್ಸಲ ನೋಡ್ರಿ. ಎಲ್ಲೋ ಏನೋ ತಪ್ಪಾಗೇತಿ" ಎಂದ.

"ನೋಡೂದೇನೈತಿ? ಬಣ್ಣ ಹೋಗಿದ್ದು ಕಣ್ಣಿಗೆ ಕಾಣತೈತಲ್ಲ" ಎಂದಳು ನೀಲಾಂಬಿಕಾ. ಅವನು ಬಂದ ದಾರಿಯಲ್ಲೇ ಹೋದ.

ಅವಳು ಪುಣೆ ಕಡೆಯಿಂದ ಹಸಿರು ಲೇಪದ ಗುಂಡು ತರಿಸಿದಳು. ಅದೂ ಬಣ್ಣ ಬಿಟ್ಟಿತು. ಇನ್ನೂ ದೂರದಿಂದ ನೀಲಿಯದನ್ನು ತರಿಸಿದಳು. ಅದರ ಹಣೆಬರಹವೂ ಅಷ್ಟೇ. ಲೋಕದಲ್ಲಿ ನಿಯತ್ತಿನವರು ಒಬ್ಬರೂ ಉಳಿದಿಲ್ಲ ಎಂಬ ತೀರ್ಮಾನಕ್ಕೆ ಬಂದಳು. ಈ ತೀರ್ಮಾನಕ್ಕೆ ಬರಲು ಯಾರಿಗೂ ಹೆಚ್ಚು ಕಷ್ಟವಿಲ್ಲ, ಕೂತಲ್ಲೇ ಬರಬಹುದು.

ಅವಳ ಗೊಣಗಾಟ ಕ್ಲಬ್ಬಿನ ಗುರುಗಳ ಕಿವಿಗೆ ಬಿತ್ತು. ಅವರು ನಿವೃತ್ತ ಸುಬೇದಾರರು, ಬಾಳಪ್ಪ ಎಂದು ಹೆಸರು. ನೀಲಾಂಬಿಕಾಳಿಗೆ ಪಿಸ್ತೂಲು ಹಿಡಿಯಲು ಕಲಿಸಿದವರೂ ಅವರೇ. ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು. ಮೇಜಿನ ಮೇಲೆ ಒರೆಸುವ ಬಟ್ಟೆ ಬಿದ್ದಿತ್ತು. ಅದರ ತುಂಬ ಕೆಂಪು, ಹಸಿರು, ನೀಲಿ ಚೂರುಗಳು.

"ಇದೇನ ನೀಲವ್ವಾ, ಹೋಳಿ ಆಡೀಯೇನು?" ಎಂದರು ಬಾಳಪ್ಪ.

"ಇಲ್ರೀ ಗುರುಗಳ. ಗುಂಡು ಕೂಡ್ರಿಸಿದಾಗ ಕೊಳವಿ ಬಾಯಿಗೆ ಒಂಚೂರು ಬಣ್ಣ ಹತ್ತಿರತೈತಿ. ಒರಸಿ ಚೊಕ್ಕ ಮಾಡತೀನಿ."

"ಹಾರಿಸಿದ ಮ್ಯಾಲೋ, ಮೊದಲೋ?"

"ಮೊದಲರೀ" ಎಂದಳು. ಎಂದವಳು ಬಟ್ಟೆಯನ್ನೇ ನೋಡುತ್ತ ನಿಂತಳು.

ಇನ್ನೂ ಹಾರಿಸದ ಒಂದು ತೋಟಾದಿಂದ ಗುಂಡನ್ನು ಜೋಪಾನವಾಗಿ ಹೊರಗೆ ತೆಗೆದಳು. ನಳಿಗೆಯ ಮುಖವನ್ನೇ ಕಾಣದ ಗುಂಡು ಅದು. ಅದರ ಪಕ್ಕೆಯಲ್ಲೂ ಬಣ್ಣ ಸುಲಿದಿತ್ತು.

ಆದದ್ದು ಇಷ್ಟೇ. ಮೆತ್ತಗಿನ ಗುಂಡನ್ನು ಕೂರಿಸುವ ಮೊದಲು ಕೊಳವೆಯ ಬಾಯನ್ನು ಕೂದಲೆಳೆಯಷ್ಟು ಅಗಲ ಮಾಡಬೇಕು. ತಾಮ್ರದ ಗುಂಡು ಗಡಸು, ಬಿಗಿ ಬಾಯಿಯಲ್ಲೂ ನುಗ್ಗುತ್ತಿತ್ತು. ಬಾಯಿ ಹೆಚ್ಚು ಅಗಲಿಸಿದರೆ ಹಿತ್ತಾಳೆ ಬೇಗ ಸೀಳುತ್ತದೆ ಎಂದು ನೀಲಾಂಬಿಕಾ ಆ ಕಾಲದಲ್ಲಿ ಬಾಯಿ ಅಗಲಿಸುವ ಯಂತ್ರವನ್ನು ಬಿಗಿ ಮಾಡಿಟ್ಟಿದ್ದಳು. ತನ್ನ ಕೊಳವೆಗಳು ಸೀಳುವುದೇ ಇಲ್ಲ ಎಂದು ಅವಳಿಗೆ ಹೆಮ್ಮೆ. ಗುಂಡು ಬದಲಾದರೂ ಬಿಗಿ ಬದಲಾಗಲಿಲ್ಲ. ಕೊಳವೆಯ ಅಂಚು ಪ್ರತಿ ಗುಂಡಿನ ಬಣ್ಣವನ್ನೂ ಕೆರೆದು ತೆಗೆಯುತ್ತಿತ್ತು. ಕೆರೆದದ್ದನ್ನು ಅವಳೇ ಚೊಕ್ಕಟವಾಗಿ ಒರೆಸಿ ಹಾಕುತ್ತಿದ್ದಳು.

ಅಂಗಡಿಗೆ ಯಾರಾದರೂ ಬಣ್ಣ ಹೋದ ಸೀರೆ ತಂದು ಜಗಳಕ್ಕೆ ನಿಂತರೆ ಅವಳು ಮೊದಲು ಕೇಳುತ್ತಿದ್ದುದು, "ಹೆಂಗ ಒಗದ್ರಿ?" ಎಂದು. ಆ ಮಾತನ್ನು ತನಗೆ ತಾನು ಕೇಳಿಕೊಂಡಿರಲಿಲ್ಲ. ಈಗ ನಾಚಿಕೆಯಾಯಿತು. ದಾವಲಸಾಬನ ಆರಿದ ಒಲೆ ನೆನಪಾಯಿತು.

ಯಂತ್ರದ ಬಿಗಿ ಸಡಿಲಿಸಿ, ಉಳಿದಿದ್ದ ಕೆಂಪು ಗುಂಡುಗಳನ್ನೇ ಕೂರಿಸಿ ಹಾರಿಸಿದಳು. ಗುಂಡುಗಳೆಲ್ಲ ಅಂಗೈಯಗಲದಲ್ಲಿ ಬಿದ್ದವು. ನಳಿಗೆ ಚೊಕ್ಕವಾಗಿತ್ತು.

ಇನ್ನು ಏನು ಮಾಡುವುದು? ತಪ್ಪು ತನ್ನದೆಂದು ಗೊತ್ತಿದ್ದವರು ಬಾಳಪ್ಪ ಒಬ್ಬರೇ, ಅವರು ಬಾಯಿ ಬಿಡುವವರಲ್ಲ. ಸದ್ದಿಲ್ಲದೆ ಸರಿಮಾಡಿದರಾಯಿತು ಎಂದುಕೊಂಡು ನೀಲಾಂಬಿಕಾ ದಾವಲಸಾಬನ ಮನೆಗೆ ಹೋದಳು. ಬಾಗಿಲಲ್ಲೇ ನಿಂತು, "ಕಾಕಾ, ತಪ್ಪು ನಂದೈತಿ. ನಿಮ್ಮ ಗುಂಡು ಚಲೋನ ಅದಾವು. ವರ್ಷಕ್ಕಾಗೋವಷ್ಟು ನಮ್ಮ ಕ್ಲಬ್ಬಿಗೆ ಮಾಡಿಕೊಡ್ರಿ" ಎಂದಳು.

"ಅಕ್ಕಾರ, ನನ್ನ ಗುಂಡು ಚಲೋ ಅನ್ನೂದು ನನಗ ಮೊದಲ ಗೊತ್ತಿತ್ತು" ಎಂದ ದಾವಲಸಾಬ. "ಗೊತ್ತಿಲ್ಲದವರಿಗೆ ಹೋಗಿ ಹೇಳ್ರಿ."

ನೀಲಾಂಬಿಕಾ ಅಲ್ಲೇ ನಿಂತು ಫೋನ್ ತೆಗೆದಳು. "ದಾವಲಸಾಬರ ಗುಂಡು ಬಣ್ಣ ಬಿಡಲಿಲ್ಲ. ಬಿಡಿಸಿದಾಕಿ ನಾನು" ಎಂದು ಬರೆದು ಅದೇ ಗುಂಪಿಗೆ ಹಾಕಿದಳು. ಸ್ವಲ್ಪ ಹೊತ್ತು ಕಾದರೂ, ದೂರನ್ನು ಓದಿದವರಲ್ಲಿ ಅರ್ಧ ಜನವೂ ಇದನ್ನು ತೆರೆದು ನೋಡಲಿಲ್ಲ. ಆಗ ಒಬ್ಬೊಬ್ಬರಿಗೇ ಫೋನ್ ಹಚ್ಚಿ, ಆದದ್ದನ್ನು ಮೊದಲಿನಿಂದ ಹೇಳತೊಡಗಿದಳು.

ದಾವಲಸಾಬ ಒಳಗೆ ಹೋಗಿ ಒಂದು ಕುರ್ಚಿ ತಂದು ಅವಳಿಗೆ ಹಾಕಿದ.

ನೀತಿ: ವಸ್ತುವನ್ನಾಗಲಿ ಮನುಷ್ಯರನ್ನಾಗಲಿ ದೂರುವ ಮೊದಲು ನಮ್ಮ ಕೈ ಏನು ಮಾಡಿದೆ ಎಂದು ನೋಡಿಕೊಳ್ಳಬೇಕು. ನಾಲ್ಕು ಜನರ ಮುಂದೆ ಆಡಿದ ತಪ್ಪು ಮಾತಿಗೆ ಗುಟ್ಟಾಗಿ ಕೇಳಿದ ಕ್ಷಮೆ ಸಾಲದು. ಆ ನಾಲ್ವರ ಮುಂದೆಯೇ ಅದನ್ನು ಹಿಂದಕ್ಕೆ ಪಡೆಯಬೇಕು.