ಅರ್ಧಕ್ಕೆ ನಿಂತ ಹೊಗಳಿಕೆ

"ಗುರುಗಳೇ, ಹಿಂದಿನ ಕವಿಗಳ ಮಾತನ್ನು ನಮ್ಮ ಪದ್ಯದೊಳಗೆ ತಂದರೆ ಅದು ಗೌರವವೋ, ಕಳ್ಳತನವೋ?" ಎಂದು ಶಿಷ್ಯ ಚನ್ನವೀರ ಕೇಳಿದ.

ಮರುದಿನ ಊರಿನಲ್ಲಿ ಮಂತ್ರಿಯೊಬ್ಬರಿಗೆ ಸನ್ಮಾನವಿತ್ತು. ಅವರನ್ನು ಹೊಗಳಿ ಅವನು ಪದ್ಯ ಕಟ್ಟಿದ್ದ. ಓದಿದವನಿಗೆ ಶಾಲು ಹೊದಿಸುತ್ತಾರೆಂಬ ಸುದ್ದಿಯೂ ಇತ್ತು. ಆದರೆ ಪದ್ಯದಲ್ಲಿ ಅರ್ಧಕ್ಕರ್ಧ ಹಳೆಯ ಕವಿಗಳ ಸಾಲು. ಯಾವುದು ತನ್ನದು, ಯಾವುದು ಅವರದು ಎಂದು ಅವನಿಗೇ ತಿಳಿಯದಾಗಿತ್ತು.

"ತಲೆ ಕೆಟ್ಟುಹೋಗಿದೆ" ಎಂದ.

"ಕೆಡುವುದಕ್ಕೆ ತಲೆ ಇದೆಯಲ್ಲ, ಸಂತೋಷ. ಕೂತುಕೋ. ನಡುವೆ ಬಾಯಿ ಹಾಕಬೇಡ" ಎಂದು ಗುರುಗಳು ಕತೆ ತೆಗೆದರು.

ರೋಮ್ ರಾಜ್ಯದ ಕೊನೆಗಾಲ. ಅಲ್ಲಿ ಸಿಂಹಾಸನ ಗಟ್ಟಿಯಾಗಿರಲಿಲ್ಲ, ಹೊಗಳುವ ಪದ್ಧತಿ ಮಾತ್ರ ಗಟ್ಟಿಯಾಗಿತ್ತು. ಯಾರು ಪಟ್ಟಕ್ಕೆ ಬಂದರೂ ಒಬ್ಬ ಕವಿ ಎದ್ದು ಲ್ಯಾಟಿನ್ನಿನಲ್ಲಿ ಹೊಗಳಬೇಕು. ಅದರಲ್ಲಿ ಹಳೆಯ ಕವಿಗಳ ಸಾಲು ಇಣುಕಲೇಬೇಕು. ಇಲ್ಲದಿದ್ದರೆ "ಇವನೇನು ಓದಿದ್ದಾನಪ್ಪ!" ಎಂದು ಸಭೆ ಮೂಗು ಮುರಿಯುತ್ತಿತ್ತು. ಆ ಸಾಲುಗಳೋ, ಶಾಲೆಗೆ ಹೋದವರಿಗೆಲ್ಲ ಬಾಯಿಪಾಠ. ತಪ್ಪಿದರೆ ಬೆನ್ನಿಗೆ ಬೆತ್ತ.

ಒಬ್ಬ ದಂಡನಾಯಕ ಹಳೆಯ ದೊರೆಯನ್ನು ಕೊಂದು ತಾನೇ ದೊರೆಯಾದ. ಒಂದು ಊರು ಹಳೆಯ ದೊರೆಯ ಪಕ್ಷ ಹಿಡಿದಿತ್ತು. ಆ ಊರಿನ ಹಿರಿಯರನ್ನೆಲ್ಲ ಸೆರೆಗೆ ಹಾಕಿಸಿ, ಪಟ್ಟದ ಹಬ್ಬ ಮುಗಿದೊಡನೆ ತಲೆ ತೆಗೆಯಿರಿ ಎಂದ. ಹೊಗಳಲು ಕರೆಸಿದ ಕವಿಯೂ ಅದೇ ಊರಿನವನು. ಸೆರೆಯಲ್ಲಿ ಅವನ ಅಪ್ಪನೂ ಇದ್ದ. ಅತ್ತ ದರಿ, ಇತ್ತ ಪುಲಿ. ಪಾಪ, ಏನು ಮಾಡಿಯಾನು?

ಕವಿ ಎದ್ದು ಹೊಗಳಿದ. ಕೊನೆಗೆ ಎಲ್ಲರೂ ಬಲ್ಲ ಹಳೆಯ ಸಾಲೊಂದನ್ನು ಎತ್ತಿಕೊಂಡ: "ಗೆದ್ದ ದೊರೆ ಕತ್ತಿಯನ್ನು ಒರೆಗೆ ಸೇರಿಸಿ..." ಅಷ್ಟರಲ್ಲಿ ಅಪ್ಪನ ನೆನಪಾಯಿತು. ಮುಂದಿನ ಮಾತು ಹೊರಡಲಿಲ್ಲ.

ಬೆತ್ತದ ಪಾಠ ಸುಮ್ಮನಿರುತ್ತದೆಯೇ? ಸಭೆಗೆ ಸಭೆಯೇ ಸಾಲನ್ನು ಮುಗಿಸಿತು: "ಸೋತವರನ್ನು ಅವರವರ ಮನೆಗೆ ಕಳುಹಿದನು." ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ದೊರೆಯ ದನಿ.

ಹೇಳಿದ ಮೇಲೆ ದೊರೆ ತಬ್ಬಿಬ್ಬಾದ. ಸಭೆ ಅವನ ಮುಖ ನೋಡುತ್ತಿತ್ತು.

"ಈಗ ಹೇಳಿದ್ದು ಯಾರು? ನೀನೋ, ಸತ್ತ ಕವಿಯೋ, ನಾನೋ?" ಎಂದು ಕೇಳಿದ.

"ನನಗೂ ತಿಳಿಯದು, ಪ್ರಭು. ನನಗೆ ಬಾಯಿಯೇ ಬರಲಿಲ್ಲ" ಎಂದ ಕವಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದೂ ತುಂಬಿದ ಸಭೆಯಲ್ಲಿ. ಕಡೆಗೆ ದೊರೆ ಸೆರೆಯ ಬಾಗಿಲು ತೆರೆಸಿದ. ಮುದುಕ ಮಗನ ಕೈ ಹಿಡಿದು ಮನೆಗೆ ಹೋದ.

ಚನ್ನವೀರನ ಗೊಂದಲ ಇನ್ನೂ ಹೆಚ್ಚಿತು. "ಹಾಗಾದರೆ ಆ ಸಾಲು ಯಾರದಾಯಿತು, ಗುರುಗಳೇ? ಕವಿ ಬೇಕೆಂದೇ ನಿಲ್ಲಿಸಿದನೇ? ನಾನು ಮಾಡಿದ್ದು ಕಳ್ಳತನವೋ, ಅಲ್ಲವೋ?"

"ಆ ಹೊಗಳಿಕೆಯಿಂದ ಒಬ್ಬ ಮುದುಕ ಮನೆ ಸೇರಿದ, ನಿನ್ನ ಹೊಗಳಿಕೆಯಿಂದ ಶಾಲೊಂದನ್ನು ಬಿಟ್ಟು ಇನ್ನೇನು ಮನೆ ಸೇರುತ್ತದೆ, ಹೇಳು" ಎಂದರು ಗುರುಗಳು.