ಜೋಳದ ಬಾವಿ

ಗರಸಿನಾಳದ ಅಗಸಿಬಾಗಿಲು ದಾಟಿ ಕಲ್ಮೇಶ್ವರನ ಗುಡಿಯ ಕಡೆಗೆ ನಡೆದರೆ, ಎಡಕ್ಕೆ ಬನ್ನಿಗಿಡದ ಕೆಳಗೆ ಸುತ್ತ ಕಲ್ಲು ಕಟ್ಟಿದ ಒಂದು ಬಾವಿ ಕಾಣುತ್ತದೆ. ಬಗ್ಗಿ ನೋಡಿದರೆ ತಳದಲ್ಲಿ ಬಿಳಿ ಗರಸುಮಣ್ಣು, ಒಣಗಿದ ಎಲೆ, ಅಷ್ಟೆ. ಅದು ನಡುವೆ ಬತ್ತಿದ ಬಾವಿಯಲ್ಲ. ತೋಡಿದ ದಿನದಿಂದ ಇಂದಿನವರೆಗೆ ಅದಕ್ಕೆ ಹನಿ ನೀರು ಬಂದದ್ದೇ ಇಲ್ಲ. ಪರವೂರಿನವರು ನಗುತ್ತಾರೆ: "ನೀರಿಲ್ಲದ್ದಕ್ಕ ಬಾವಿ ಅಂತೀರಿ, ಮ್ಯಾಲೆ ಜೋಳದ ಬಾವಿ ಅಂತ ಹೆಸರು ಬ್ಯಾರೆ!" ನಗಲಿ ಬಿಡಿ, ನಗುವುದಕ್ಕೇನು ಕಂದಾಯವೇ? ನಮ್ಮ ಊರು ಉಳಿದದ್ದು ಈ ಬಾವಿಯಿಂದ. ಅದರ ಕತೆಯನ್ನು ಗುಡಿಯ ಕಟ್ಟೆಯ ಮೇಲೆ ಹೇಳುವ ಹಿರಿಯರು ಬಾಳವ್ವನನ್ನು ಮಹಾಸಾಧ್ವಿ ಮಾಡಿಬಿಡುತ್ತಾರೆ. ನನಗೆ ಅದು ಸೇರುವುದಿಲ್ಲ. ಆಕೆ ಹೊಟ್ಟೆಕಿಚ್ಚಿನ ಹೆಂಗಸು, ಮತ್ತು ಆ ಹೊಟ್ಟೆಕಿಚ್ಚು ಇಲ್ಲದೆ ಹೋಗಿದ್ದರೆ ಈ ಕತೆ ಹೇಳಲು ನಾವ್ಯಾರೂ ಇರುತ್ತಿರಲಿಲ್ಲ.

ಹಿಂದೆ ಒಮ್ಮೆ, ದಂಡುಗಳು ಸೀಮೆಯಿಂದ ಸೀಮೆಗೆ ಸುಲಿಗೆ ಮಾಡುತ್ತ ತಿರುಗುತ್ತಿದ್ದ ಕಾಲದಲ್ಲಿ, ಊರ ಗೌಡರ ಮನೆಯಲ್ಲಿ ಬಾಳವ್ವ ಮತ್ತು ಈರವ್ವ ಎಂಬ ನೆಗೆಣ್ಣಿಯರಿದ್ದರು. ಬಾಳವ್ವ ಅಣ್ಣನ ಹೆಂಡತಿ, ಈರವ್ವ ತಮ್ಮನ ಹೆಂಡತಿ; ಒಲೆ, ಬಾಗಿಲು, ಹಿತ್ತಲು ಬೇರೆ ಬೇರೆ. ಆಗ ದೇವರ ಅಭಿಷೇಕದ ನೀರನ್ನು ದೂರದ ಹಳ್ಳದಿಂದ ಹೊತ್ತು ತರಬೇಕಾಗಿತ್ತು. ಗುಡಿಯ ಮಗ್ಗುಲಲ್ಲೇ ಒಂದು ಬಾವಿ ತೋಡಿಸಬೇಕು, ದಿನಾ ಬೆಳಿಗ್ಗೆ ಮೊದಲ ಕೊಡ ತನ್ನ ಬಾವಿಯಿಂದಲೇ ಕಲ್ಮೇಶ್ವರನಿಗೆ ಹೋಗಬೇಕು ಎಂಬುದು ಬಾಳವ್ವನ ಜೀವದ ಆಸೆ. ತವರಿನಿಂದ ತಂದ ಒಡವೆಯನ್ನೆಲ್ಲ ಕೊಟ್ಟು ಬಾವಿ ತೋಡುವವರನ್ನು ಕರೆಸಿದಳು. ಕೆಳಗಿಳಿದಷ್ಟೂ ಗರಸು, ಗರಸಿನ ಕೆಳಗೆ ಮತ್ತೆ ಗರಸು. ಕೊನೆಗೆ ತೋಡುವವರ ಹಿರಿಯ, "ತಾಯಿ, ಒಲಿಯೊಳಗಿನ ಬೂದಿ ಆದರೂ ಇದಕ್ಕಿಂತ ಹಸೀ ಇರತೈತಿ" ಎಂದು ಸಲಿಕೆ ಎತ್ತಿಕೊಂಡು ಹೊರಟುಹೋದ. ಅದೇ ಬೇಸಿಗೆಯಲ್ಲಿ ಈರವ್ವ, ದನಗಳಿಗೆ ಆದೀತು ಎಂದು ತನ್ನ ಹಿತ್ತಲಲ್ಲಿ ಒಂದು ಗುಂಡಿ ತೆಗೆಸಿದಳು. ಹರಕೆಯಿಲ್ಲ, ಪೂಜೆಯಿಲ್ಲ. ಎದೆಮಟ್ಟ ತೋಡುವಷ್ಟರಲ್ಲಿ ಸಕ್ಕರೆಯಂಥ ಸಿಹಿನೀರು ಉಕ್ಕಿತು. ಮಾರನೆಯ ದಿನದಿಂದ ಪೂಜಾರಿ ಅಜ್ಜ ದೇವರ ಮೊದಲ ಕೊಡವನ್ನು ಅಲ್ಲಿಂದಲೇ ಹೊತ್ತ.

ಬಾಳವ್ವನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಬೆಳಿಗ್ಗೆ ಆ ಕೊಡ ತನ್ನ ಬಾಗಿಲ ಮುಂದೆ ಹಾದುಹೋಗುವಾಗ ದಡಕ್ಕನೆ ಕದ ಹಾಕಿಕೊಳ್ಳುತ್ತಿದ್ದಳು. ಊರೆಲ್ಲ ಈರವ್ವನ ಬಾವಿಯ ನೀರು ಕುಡಿದರೂ ಆಕೆ ಮಾತ್ರ ಹಟ ಹಿಡಿದು ಹಳ್ಳಕ್ಕೇ ಹೋದಳು. ಗುಡಿಯ ಮೆಟ್ಟಿಲು ಹತ್ತುವುದನ್ನೂ ಬಿಟ್ಟಳು. ಅಜ್ಜ ಒಮ್ಮೆ ದಾರಿಯಲ್ಲಿ ಅಡ್ಡ ನಿಂತು, "ಯವ್ವಾ, ನೀ ಹಾಕಿದ ಲೆಕ್ಕ ತಪ್ಪೈತಿ, ಅವನ ಲೆಕ್ಕ ಇನ್ನೂ ಮುಗಿದಿಲ್ಲ" ಎಂದನಂತೆ. "ಅಂವಗ ಕಣ್ಣಿದ್ದರ ಕೇಳಿದವರಿಗೆ ಕೊಡತಿದ್ದ. ಕೇಳದಾಕಿ ಮಡಿಲಾಗ ಸುರುವತಾನ, ಅಂಥ ದೇವರು ಅಂವ" ಎಂದು ಉರಿದುಬಿದ್ದು ಮುಂದೆ ಹೋದಳು.

ಆ ವರ್ಷ ಜೋಳ ಎಂದೂ ಕಾಣದಷ್ಟು ಬೆಳೆಯಿತು. ನಮ್ಮ ಕಡೆ ಕಾಳನ್ನು ಹಗೇವಿನಲ್ಲಿ ಇಡುವುದು ರೂಢಿ. ಒಣನೆಲದಲ್ಲಿ ಆಳವಾಗಿ ತೋಡಿ, ಒಳಗೆ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಗೌಡರ ಮನೆಗೆ ಇದ್ದದ್ದು ಒಂದೇ ಹಗೇವು. "ಆಕಿ ಜೋಳದ ಜೋಡಿ ನನ್ನ ಜೋಳ ಒಂದು ಕಾಳೂ ಕೂಡಬಾರದು" ಎಂದು ಬಾಳವ್ವ ಪಟ್ಟು ಹಿಡಿದಳು. ಗಂಡ ತಿಳಿಹೇಳಿದ, ಮೈದುನ ಕೈಮುಗಿದ. ಊಹೂಂ. ತನ್ನ ಪಾಲನ್ನೆಲ್ಲ ಗಾಡಿಯಲ್ಲಿ ಹೇರಿಸಿ, ಆ ಒಣಬಾವಿಗೆ ಹುಲ್ಲು ಹೊದಿಸಿ, ಅದರೊಳಗೆ ಸುರಿಸಿದಳು. ಮೇಲೆ ಆಳೆತ್ತರ ಜಾಗ ಬಿಟ್ಟು, ಕಾಳು ಕಾಣದಂತೆ ಗರಸು ಹಾಕಿ ಮುಚ್ಚಿಸಿದಳು. ಜೋಳ ತುಂಬಿದ ಬಾವಿಯನ್ನು ಕಂಡು ಊರು ಬಿದ್ದು ಬಿದ್ದು ನಕ್ಕಿತು.

ಸುಗ್ಗಿ ಮುಗಿಯುತ್ತಲೇ ದಂಡು ಬಂತು. ಜನ ದನಕರು ಹೊಡೆದುಕೊಂಡು ಗುಡ್ಡ ಹತ್ತಿದರು. ಪೂಜಾರಿ ಅಜ್ಜ ಮಾತ್ರ ದೇವರನ್ನು ಬಿಟ್ಟು ಬರುವುದಿಲ್ಲವೆಂದು ಗುಡಿಯಲ್ಲೇ ಕುಳಿತ. ದಂಡಿನವರಿಗೆ ಹಗೇವಿನ ಗುಟ್ಟು ಗೊತ್ತಿತ್ತು. ಭರ್ಚಿಯ ಹಿಡಿಯಿಂದ ನೆಲ ಕುಟ್ಟುತ್ತ ನಡೆದು, ಟೊಳ್ಳು ಸಪ್ಪಳ ಬಂದಲ್ಲೆಲ್ಲ ಅಗೆದು, ಊರಿನ ಹಗೇವುಗಳನ್ನೆಲ್ಲ ಬರಿದು ಮಾಡಿದರು. ಒಬ್ಬ ಸವಾರ ಈ ಬಾವಿಯನ್ನೂ ಬಗ್ಗಿ ನೋಡಿದ. ಅಂಗೈಯಗಲ ನೀರೂ ಇಲ್ಲದ್ದು ಕಂಡು ಥೂ ಎಂದು ಉಗುಳಿ ಕುದುರೆ ತಿರುಗಿಸಿದ. ಕಾಳನ್ನು ಬಾವಿಯಲ್ಲಿ ಯಾರು ಹುಡುಕುತ್ತಾರೆ? ಇದನ್ನು ಅಜ್ಜ ಕಣ್ಣಾರೆ ಕಂಡ ಎನ್ನುತ್ತಾರೆ.

ಗುಡ್ಡದಿಂದ ಇಳಿದು ಬಂದ ಜನ ಬರಿದಾದ ಹಗೇವುಗಳ ಮುಂದೆ ಕುಳಿತು ಬಾಯಿ ಬಡಿದುಕೊಂಡರು. ಕಾಳಿದ್ದದ್ದು ಬಾಳವ್ವನೊಬ್ಬಳ ಬಳಿ. ಸುಳ್ಳೇಕೆ ಹೇಳಲಿ, ಆಕೆಗೆ ಅಂದು ಹಾಲು ಕುಡಿದಷ್ಟು ಸಂತೋಷವಾಯಿತು. ಈರವ್ವ ಸೆರಗೊಡ್ಡಿ ಬರಲಿ, ನಾಲ್ಕು ಮಂದಿಯೆದುರು ಬೇಡಲಿ, ಆಮೇಲೆ ನೋಡೋಣ ಎಂದು ಹೊಸ್ತಿಲಲ್ಲಿ ಕಾದು ಕುಳಿತಳು. ಆದರೆ ಒಲೆಗೆ ಗಡಿಗೆ ಏರಿಸಹೋದರೆ ಎಸರಿಗೆ ನೀರಿಲ್ಲ. ದಂಡಿನವರು ಬೀಡುಬಿಟ್ಟು ಹಳ್ಳವನ್ನೆಲ್ಲ ಹೊಲಸೆಬ್ಬಿಸಿದ್ದರು. ಈರವ್ವನ ಬಾವಿಗೆ ಹೋಗುವುದಕ್ಕಿಂತ ಹಸಿದು ಸಾಯುವುದೇ ವಾಸಿ ಎಂದುಕೊಂಡಳು. ಮಧ್ಯಾಹ್ನ ಇಳಿಯಿತು. ಆಗ ಈರವ್ವ ಬಂದಳು, ತಲೆಯ ಮೇಲೆ ತುಂಬಿದ ಕೊಡ.

"ಯಕ್ಕಾ, ಹಳ್ಳದ ನೀರು ಕೆಟ್ಟೈತಿ, ಅದನ್ನ ಕುಡೀಬ್ಯಾಡ. ಇದನ್ನ ಇಟಗೋ. ನಾ ಜೋಳ ಕೇಳಾಕ ಬಂದಿಲ್ಲ."

ಬಾಳವ್ವನಿಗೆ ಮೈಯೆಲ್ಲ ಉರಿಯಿತು. "ಇದರಾಗೂ ನೀನ ಮುಂದಾದೇನ!" ಎಂದು ಕಿರುಚಿದಳು. ಕಿರುಚಿದವಳೇ ಅಲ್ಲೇ ಕುಸಿದು, ಈರವ್ವನ ಕಾಲು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಸೀರೆ ಎತ್ತಿ ಕಟ್ಟಿ ಬಾವಿಯ ಬಳಿ ನಡೆದು, ಗರಸು ತೆಗೆಸಿ, ಊರಿನ ಮನೆಮನೆಗೂ ಜೋಳ ಅಳೆಸಿದಳು. ಮೊದಲ ಪಾಲು ಈರವ್ವನಿಗೇ. ಅಂದು ಊರಿಗೆಲ್ಲ ಗುಡಿಯ ಅಂಗಳದಲ್ಲಿ ನುಚ್ಚು ಬೆಂದಿತು; ಬಾಳವ್ವನ ಜೋಳ, ಈರವ್ವನ ನೀರು. ಎಷ್ಟೋ ತಿಂಗಳ ಮೇಲೆ ಮೆಟ್ಟಿಲು ಹತ್ತಿದ ಬಾಳವ್ವ ದೇವರ ಮುಂದೆ ನಿಂತು, "ನೀರು ಕೇಳಿದೆ, ಕೊಡಲಿಲ್ಲಂತ ಬೈದೆ. ನೀ ಅವತ್ತು ಕೊಟ್ಟಿದ್ದರ ಇವತ್ತು ಈ ಮಕ್ಕಳು ಏನ ತಿಂತಿದ್ದವಪ್ಪಾ?" ಎಂದಳಂತೆ. ಹಾಗೆಂದು ಆಕೆಯ ಹೊಟ್ಟೆಕಿಚ್ಚು ಪೂರಾ ಆರಿತೆಂದು ತಿಳಿಯಬೇಡಿ. ಸಾಯುವವರೆಗೂ ದೇವರ ಕೊಡ ಹಾದುಹೋಗುವಾಗ ಒಂದು ಸಲ ಹುಬ್ಬು ಗಂಟಿಕ್ಕುತ್ತಿದ್ದಳು, ಆದರೆ ಕದ ಮಾತ್ರ ಹಾಕುತ್ತಿರಲಿಲ್ಲ ಎನ್ನುತ್ತಾರೆ.

ಅಂದಿನಿಂದ ಆ ಒಣಬಾವಿಗೆ ಜೋಳದ ಬಾವಿ ಎಂಬ ಹೆಸರು ನಿಂತಿತು. ಸೋಮವಾರ ಬಂದರೆ ನೀವೂ ನೋಡಬಹುದು. ನಿಶ್ಚಯವಾದ ಲಗ್ನ ಮುರಿದವರು, ಬೋರು ಹಾಕಿಸಿ ಧೂಳು ಕಂಡವರು, ಪರೀಕ್ಷೆಯಲ್ಲಿ ನಪಾಸಾದವರು ಅಲ್ಲಿಗೆ ಬಂದು, ಒಳಗೆ ಒಂದು ಹಿಡಿ ಜೋಳ ಚೆಲ್ಲಿ, ಗುಡಿಯ ಕಡೆಗೆ ಮುಖ ಮಾಡಿ ಕಲ್ಮೇಶ್ವರನನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಅಲ್ಲಿ ನಿಂತು ಬೈದರೆ ಪಾಪವಿಲ್ಲ. ಪೂಜಾರಿ ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಾನೆ. ಬೈದು ಸುಸ್ತಾದವರನ್ನು ಒಳಗೆ ಕರೆದು, ಕೂರಿಸಿ, ಬಿಸಿ ನುಚ್ಚು ಬಡಿಸುತ್ತಾನೆ. ಅದು ಬಾಳವ್ವನ ಕಟ್ಟಪ್ಪಣೆ: ಹೆಚ್ಚು ಬೈದವರಿಗೆ ಮೊದಲು ಬಡಿಸಬೇಕು.