ಮಣ್ಣು ವಾಪಸ್ ಕೇಳಿದ ಈರಭದ್ರಪ್ಪ

ಈರಭದ್ರಪ್ಪನ ಹೊಲ ಇಳಿಜಾರಿನಲ್ಲಿತ್ತು. ಅದರ ಕೆಳಗೆ, ಒಂದು ಬದುವಿನಾಚೆ, ಗೌರವ್ವನ ಹೊಲ. ಈರಭದ್ರಪ್ಪ ಯಾವಾಗಲೂ ಮೇಲಿನಿಂದ ಕೆಳಕ್ಕೆ ಉಳುತ್ತಿದ್ದ. ಸಾಲುಗಳು ದಾರ ಹಿಡಿದು ಎಳೆದಷ್ಟು ನೆಟ್ಟಗಿರುತ್ತಿದ್ದವು. ದಾರಿಯಲ್ಲಿ ಹೋಗುವವರು ನಿಂತು ಹೊಗಳುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ? ಅವನು ಉಬ್ಬಿಹೋಗುತ್ತಿದ್ದ.

ಮಳೆ ಬಂದಾಗ ನೀರೂ ಆ ಸಾಲುಗಳಲ್ಲೇ ನೆಟ್ಟಗೆ ಓಡುತ್ತಿತ್ತು. ಓಡುವಾಗ ಮೇಲ್ಮಣ್ಣನ್ನು ಜೊತೆಗೆ ಕರೆದುಕೊಂಡು ಹೋಗುತ್ತಿತ್ತು. ಬರಬರುತ್ತ ಅವನ ಹೊಲದಲ್ಲಿ ಕಲ್ಲು ಎದ್ದವು, ಜೋಳ ಮೊಣಕಾಲೆತ್ತರಕ್ಕೇ ನಿಂತಿತು. ಗೌರವ್ವನ ಹೊಲದಲ್ಲಿ ಮಾತ್ರ ಒಳ್ಳೆಯ ಕಪ್ಪು ಮಣ್ಣು ರಾಶಿ ಬಿದ್ದಿತ್ತು. ಅವನಿಗೆ ಹೊಟ್ಟೆ ಉರಿಯಿತು. ಊರ ಹಿರಿಯರ ಮುಂದೆ ದೂರು ಒಯ್ದ.

"ನನ್ನ ಮಣ್ಣು ಈಕಿ ಹೊಲದಾಗ ಐತ್ರಿ. ವಾಪಸ್ ಕೊಡಸ್ರಿ."

"ಒಯ್ಯೋ ಅಣ್ಣಾ, ಯಾರು ಬ್ಯಾಡ ಅಂದಾರ?" ಎಂದಳು ಗೌರವ್ವ. "ನಿನ್ನ ಮಣ್ಣು ಬಂದು ನನ್ನ ಮೊಳಕಿ ಎಲ್ಲಾ ಮುಚ್ಚಿ ಹಾಕೇತಿ."

ಹಿರಿಯರಿಗೆ ತೀರ್ಪು ಹೇಳುವ ಕೆಲಸವೇ ಉಳಿಯಲಿಲ್ಲ.

ಈರಭದ್ರಪ್ಪ ಬೇಸಿಗೆಯೆಲ್ಲ ಚಕ್ಕಡಿಯಲ್ಲಿ ಮಣ್ಣು ಹೇರಿದ. ಎತ್ತುಗಳು ಸೊರಗಿದವು, ಅವನೂ ಸೊರಗಿದ. ಹೇರಿದ ಮಣ್ಣು ಹರಡಿ, ಮತ್ತೆ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಉತ್ತ. ಮೊದಲ ದೊಡ್ಡ ಮಳೆಗೆ ಅಷ್ಟೂ ಮಣ್ಣು ಗೌರವ್ವನ ಹೊಲಕ್ಕೆ ಇಳಿಯಿತು. ಅವನು ಬದುವಿನ ಮೇಲೆ ಕೂತು ಅತ್ತುಬಿಟ್ಟ.

"ಬರೋ ಬ್ಯಾಸಗಿಗೆ ಇನ್ನೊಮ್ಮೆ ಒಯ್ಯಿ," ಎಂದಳು ಗೌರವ್ವ. "ಆದರ ಉಳುವಾಗ ಗಳೆ ನಾ ಹೇಳಿದಂಗ ಹೊಡೀಬೇಕು. ಇಳಕಲಿಗೆ ಅಡ್ಡ ಹೊಡಿ. ಜ್ವಾಳದ ಕೂಳಿ ಕೀಳಬ್ಯಾಡ, ಮಣ್ಣು ಹಿಡಕೊಂಡಿರ್ತಾವ."

"ನೋಡಿದವರು ನಗತಾರವಾ."

"ನಗಲಿ ಬಿಡು."

ಮರುವರ್ಷ ಬೇಸಿಗೆಯಲ್ಲಿ ಅವನು ಮತ್ತೆ ಮಣ್ಣು ಹೇರಿ, ಇಳಿಜಾರಿಗೆ ಅಡ್ಡಲಾಗಿ ಉತ್ತ. ನೆಲ ಬಾಗಿದ ಕಡೆ ಸಾಲೂ ಬಾಗಿತು. ಕೊಯ್ದುಳಿದ ಜೋಳದ ಕೂಳೆ ಅಲ್ಲಲ್ಲಿ ತಲೆ ಎತ್ತಿ ನಿಂತಿತ್ತು. ಜನ ನಕ್ಕರು. "ಕುಡದು ಗಳೆ ಹೊಡದಿಯೇನೋ?" ಎಂದು ಒಬ್ಬ ಕೇಳಿದ. ಈರಭದ್ರಪ್ಪನಿಗೆ ಮುಖ ಎತ್ತಲಾಗಲಿಲ್ಲ. ಎಲ್ಲ ಅಳಿಸಿ ಮತ್ತೆ ನೆಟ್ಟಗೆ ಉತ್ತುಬಿಡೋಣ ಎಂದು ಎತ್ತು ಹೂಡಲೂ ಹೋದ. ಅವುಗಳ ಹೆಗಲ ಮೇಲಿನ ಗಾಯ ಕಂಡಿತು. ಸುಮ್ಮನೆ ಮನೆಗೆ ಬಂದ.

ಮಳೆ ಬಂತು, ಹೋದ ಸಲಕ್ಕಿಂತ ಜೋರಾಗಿ. ಅವನು ಕಂಬಳಿ ಹೊದ್ದು ಹೊಲಕ್ಕೆ ಓಡಿದ. ನೀರು ಸಾಲುಸಾಲಿನಲ್ಲೂ ತಡೆದು ನಿಂತು, ನಿಂತಲ್ಲೇ ಇಂಗುತ್ತಿತ್ತು. ಬದು ದಾಟಿದ ಸ್ವಲ್ಪ ನೀರು ತಿಳಿಯಾಗಿತ್ತು. ಕೆಳಗೆ ಗೌರವ್ವನ ಮೊಳಕೆಗಳಿಗೆ ಏನೂ ಆಗಿರಲಿಲ್ಲ.

ಮರುದಿನ ದಾರಿಹೋಕನೊಬ್ಬ ಸೊಟ್ಟ ಸಾಲು ನೋಡಿ ಮತ್ತೆ ನಕ್ಕ.

"ನಗ್ರಿ, ನಗ್ರಿ," ಎಂದ ಈರಭದ್ರಪ್ಪ. "ನನ್ನ ಮಣ್ಣು ನನ್ನ ಹೊಲದಾಗ ಐತಿ."

ನೀತಿ: ಇಳಿಜಾರಿನ ಹೊಲವನ್ನು ಅಡ್ಡಲಾಗಿ ಉಳಬೇಕು. ನೋಡುವವರು ಮೆಚ್ಚಲೆಂದು ಮಾಡಿದ ಕೆಲಸದಿಂದ ನಷ್ಟವಾದರೆ, ಮೆಚ್ಚಿದವರು ಅದನ್ನು ತುಂಬಿಕೊಡುವುದಿಲ್ಲ.